ಗಿರಾಕಿಯ ಮಾತು ಯಾರ ಕಿವಿಗೆ ಬೀಳುತ್ತಿದೆ?

ಬೆಳೆಗಾರ ಬಂಧುಗಳಲ್ಲಿ ಈಚೆಗೆ ಕೆಲವರು ತಮ್ಮ ಕಾಫಿ ಪುಡಿಯನ್ನೂ ಸುಲಿದ ಅಡಿಕೆಯನ್ನೂ ನೇರವಾಗಿ ಬಳಕೆದಾರರಿಗೆ ಮಾರಬೇಕೆಂಬ ಹಂಬಲದಿಂದ ಸ್ವಂತ ವೆಬ್‌ಸೈಟ್ ತೆರೆದಿದ್ದಾರೆ. ಪಟ್ಟಣದಲ್ಲಿರುವ ಮಗನೋ ಮಗಳೋ ಅದನ್ನು ನೋಡಿಕೊಳ್ಳುವುದೂ ಉಂಟು. ಇಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ವೆಬ್‌ಸೈಟಿಗೆ ತಿಂಗಳಿಗೆ ಇಷ್ಟು ಮಂದಿ ಬಂದರು ಎಂಬ ಲೆಕ್ಕ ಸಿಗುತ್ತದೆ, ಅವರು ಗೂಗಲ್‌ನಲ್ಲಿ ಏನೆಂದು ಹುಡುಕಿ ಬಂದರು ಎಂಬುದು ಮಾತ್ರ ಏಕೆ ಪೂರ್ತಿಯಾಗಿ ಸಿಗುವುದಿಲ್ಲ? ಪ್ರಶ್ನೆ ಚಿಕ್ಕದು. ಆದರೆ ವ್ಯಾಪಾರದ ಮರ್ಮವೇ ಅದರಲ್ಲಿ ಅಡಗಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನು ಕೊಂಚ ವಿವರವಾಗಿ ನೋಡೋಣ.

ಬಟ್ಟೆಯ ಕೆಳಗಿನ ವ್ಯಾಪಾರ

ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ಟವೆಲಿನ ಕೆಳಗೆ ಕೈಹಾಕಿ, ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಬೆಲೆ ಏನೆಂಬುದು ಬಟ್ಟೆಯ ಕೆಳಗೆ ಕೈಯಿಟ್ಟ ಇಬ್ಬರಿಗೆ ಮಾತ್ರ ಗೊತ್ತು. ದಲಾಲಿ ನಡುವೆ ಬಂದನೆಂದರೆ ಮಾಲಿನ ಒಡೆಯನಿಗೂ ಪೂರ್ತಿ ತಿಳಿಯದು. ಒಂದು ಕಾಲಕ್ಕೆ ಹತ್ತಿಯ ಪೇಟೆಗಳಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ 1927ರಲ್ಲಿ ಹತ್ತಿ ಪೇಟೆಗಳ ಕಾಯಿದೆ ಬಂದಿತು. ನಮ್ಮ ರಾಜ್ಯದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂದಿತು. 2014ರಿಂದ ಮಾರುಕಟ್ಟೆ ಸಮಿತಿಗಳಲ್ಲಿ ಗಣಕಯಂತ್ರದ ಮೂಲಕ ಟೆಂಡರು ನಡೆದು, ಮಾಲಿಗೆ ಬಿದ್ದ ಧಾರಣೆ ರೈತನ ಮೊಬೈಲಿಗೇ ತಿಳಿಯುವ ಏರ್ಪಾಡೂ ಆಯಿತು. ಬಟ್ಟೆ ಸರಿಯುವುದಕ್ಕೆ ಸುಮಾರು ತೊಂಬತ್ತು ವರ್ಷ ಹಿಡಿಯಿತು.

ಆದರೆ ಮಾರುವವನಿಗೆ ಬೆಲೆಯೊಂದು ತಿಳಿದರೆ ಸಾಲದು, ಕೊಳ್ಳುವವನಿಗೆ ಏನು ಬೇಕು ಎಂಬುದೂ ತಿಳಿಯಬೇಕು. ಕಾಫಿ ಬೆಳೆಗಾರರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. 1942ರ ಕಾಯಿದೆಯ ನಂತರ ಅರ್ಧ ಶತಮಾನ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಧಾರಣೆಗೆ ಅದು ಆಸರೆಯಾಗಿದ್ದುದು ನಿಜ. ಆದರೆ ನಮ್ಮ ತೋಟದ ಕಾಫಿ ನೂರಾರು ತೋಟಗಳ ಕಾಫಿಯೊಡನೆ ಬೆರೆತ ಮೇಲೆ ಅದನ್ನು ಕುಡಿದವರು ಮೆಚ್ಚಿದರೇ, ಮುಖ ಸಿಂಡರಿಸಿದರೇ ಎಂಬ ಸುದ್ದಿ ತೋಟಕ್ಕೆ ಮರಳಿ ಬರುತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಾಗಿ 1996ರಲ್ಲಿ ಮುಕ್ತ ಮಾರಾಟ ಬಂದಮೇಲೆ ಗಿರಾಕಿಯ ಮಾತನ್ನು ನಾವೇ ಕೇಳಿಸಿಕೊಳ್ಳಬೇಕಾಯಿತು. ವೆಬ್‌ಸೈಟ್ ಬಂದಾಗ ಈ ಕೆಲಸ ಸುಲಭವಾದೀತೆಂದು ತೋರಿತು.

ನಾಲ್ಕು ಊರು, ಹಲವು ಹೆಸರು

ಗಿರಾಕಿಯ ಮಾತು ಎಷ್ಟು ಮುಖ್ಯವೆಂಬುದಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹತ್ತಿ, ಜೋಳ, ಕಬ್ಬುಗಳ ಆ ಸೀಮೆಯಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೆ ನಮ್ಮ ಮಾಲನ್ನು ಬಳಸುವವರು ಅಲ್ಲಿದ್ದಾರೆ. ಊಟವಾದ ಮೇಲೆ ಎಲೆ-ಅಡಿಕೆ ಹಾಕುವವರು ಅಲ್ಲಿ ಮನೆಮನೆಯಲ್ಲಿದ್ದಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ನಮ್ಮ ರಾಜ್ಯದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ದಂಡುದಂಡಾಗಿ ಬರುತ್ತಾರೆ. ದೇವಿಗೆ ಉಡಿ ತುಂಬುವಾಗ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬುಗಳ ಜೊತೆ ಅಡಿಕೆಯೂ ಬೇಕು.

ಈಗ ಯೋಚಿಸಿ. ಮಲೆನಾಡಿನ ಬೆಳೆಗಾರ ತನ್ನ ವೆಬ್‌ಸೈಟಿನಲ್ಲಿ ಚಾಲಿ, ಬೆಟ್ಟೆ, ರಾಶಿ ಇಡಿ ಎಂದು ಪೇಟೆಯ ಭಾಷೆಯಲ್ಲಿ ಬರೆದಿರುತ್ತಾನೆ. ಸವದತ್ತಿಗೆ ಹೊರಟ ಮನೆಯವರು ಉಡಿ ಸಾಮಾನು ಎಂದು ಹುಡುಕಬಹುದು. ಮೈಸೂರು ಕಡೆಯವರಾದರೆ ಮಡಿಲಕ್ಕಿ ಎಂದಾರು, ಮರಾಠಿಗರು ಓಟಿ ಎಂದಾರು. ನಾವು ಅಡಿಕೆ ಎಂದರೆ ಶಿರಸಿಯವರು ಅಡಕೆ ಎನ್ನುತ್ತಾರೆ, ಬೈಲಹೊಂಗಲದವರು ಅಡಕಿ ಎನ್ನುತ್ತಾರೆ, ಹಿಂದಿಯವರು ಸುಪಾರಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕೇಳುವವರು ಅರೆಕಾ ನಟ್ ಎನ್ನುವುದಕ್ಕೆ ಬದಲು ಬೀಟಲ್ ನಟ್ ಎನ್ನುವುದೇ ವಾಡಿಕೆ. ಬೀಟಲ್ ಎಂದರೆ ವೀಳ್ಯದೆಲೆ ಎಂಬುದು ಅವರಿಗೆ ಬೇಡದ ಮಾತು.

ಊರ ಹೆಸರುಗಳ ಪಾಡೂ ಇದೇ. ಸವದತ್ತಿ ಮರಾಠಿಗರ ಬಾಯಲ್ಲಿ ಸೌಂದತ್ತಿ. ಬೈಲಹೊಂಗಲ ಇಂಗ್ಲಿಷ್ ಬರಹದಲ್ಲಿ ಬೈಲ್‌ಹೊಂಗಲ್, ರಾಮದುರ್ಗ ರಾಮ್‌ದುರ್ಗ್. ಬೆಳಗಾಂ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ ಆಯಿತಾದರೂ ಹಳೆಯ ಹೆಸರನ್ನೇ ಬರೆಯುವವರು ಇದ್ದಾರೆ. ಕಿತ್ತೂರು ಎಂದರೆ ಚನ್ನಮ್ಮನ ಕಿತ್ತೂರೂ ಹೌದು, ಹೆಗ್ಗಡದೇವನಕೋಟೆಯ ಕಡೆಯ ಹಳೆಯ ಕಿತ್ತೂರೂ ಹೌದು. ಚನ್ನಮ್ಮನ ಸಮಾಧಿಯನ್ನು ಕಿತ್ತೂರಿನಲ್ಲಿ ಹುಡುಕುವವನಿಗೆ ಅದು ಬೈಲಹೊಂಗಲದಲ್ಲಿದೆ ಎಂದು ತಿಳಿದಿರುವುದಿಲ್ಲ. ಗಿರಾಕಿ ಇವುಗಳಲ್ಲಿ ಯಾವ ಹೆಸರು ಹಿಡಿದು ಬಂದ ಎಂಬುದು ಗೊತ್ತಾದರೆ ಅಂಗಡಿಯವನು ಅದಕ್ಕೆ ತಕ್ಕಂತೆ ಬರೆದಾನು. ಗೊತ್ತಾಗದಿದ್ದರೆ ಕತ್ತಲಲ್ಲಿ ಕಲ್ಲು ಬೀರಿದಂತೆ.

ಮೊದಲಿದ್ದ ಸೌಕರ್ಯ

ಒಂದು ಕಾಲದಲ್ಲಿ ಇದು ತಾನಾಗಿಯೇ ಗೊತ್ತಾಗುತ್ತಿತ್ತು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವಾಗ ನಮ್ಮ ಗಣಕಯಂತ್ರವು ತಾನು ಎಲ್ಲಿಂದ ಬಂದೆನೆಂಬ ವಿಳಾಸವನ್ನು ಹೊಸ ಪುಟಕ್ಕೆ ತಿಳಿಸುವ ವ್ಯವಸ್ಥೆ ಇಂಟರ್‌ನೆಟ್‌ನಲ್ಲಿ ಮೊದಲಿನಿಂದಲೂ ಇದೆ. ಗೂಗಲ್‌ನ ಫಲಿತಾಂಶದ ಪುಟದ ವಿಳಾಸದಲ್ಲಿ ಹುಡುಕಿದ ಪದಗಳು ಹಾಗೆಯೇ ಇರುತ್ತಿದ್ದವು. ಹೀಗಾಗಿ ಯಾರಾದರೂ ಅಲ್ಲಿಂದ ನಮ್ಮ ವೆಬ್‌ಸೈಟಿಗೆ ಬಂದರೆ ಅವರು ಕೇಳಿದ ಮಾತು ನಮ್ಮ ದಾಖಲೆಯಲ್ಲಿ ಬಿದ್ದಿರುತ್ತಿತ್ತು. ಅಂಗಡಿಯ ಕಟ್ಟೆ ಹತ್ತಿದ ಗಿರಾಕಿ ಬಾಯಿಬಿಟ್ಟು ಕೇಳಿದಂತೆಯೇ ಅದು.

2011ರ ಅಕ್ಟೋಬರ್‌ನಲ್ಲಿ ಗೂಗಲ್ ಇದನ್ನು ಬದಲಿಸಿತು. ಖಾತೆ ತೆರೆದು ಒಳಹೊಕ್ಕು ಹುಡುಕುವವರ ಪದಗಳನ್ನು ಗೂಢಲಿಪಿಯಲ್ಲಿ ಸಾಗಿಸುವುದಾಗಿಯೂ, ಅವು ವೆಬ್‌ಸೈಟಿನವರಿಗೆ ಕಾಣುವುದಿಲ್ಲವೆಂದೂ ಪ್ರಕಟಿಸಿತು. ಲೆಕ್ಕದ ಪಟ್ಟಿಯಲ್ಲಿ ಪದಗಳಿದ್ದ ಜಾಗದಲ್ಲಿ 'ನಾಟ್ ಪ್ರೊವೈಡೆಡ್', ಅಂದರೆ 'ಒದಗಿಸಿಲ್ಲ' ಎಂಬ ಒಂದೇ ಸಾಲು ಕಾಣಿಸತೊಡಗಿತು. ಇದರ ಪರಿಣಾಮ ಶೇಕಡಾ ಒಂದಂಕಿಯೊಳಗೇ ಇರುವುದೆಂದು ಆ ಸಂಸ್ಥೆಯ ಮ್ಯಾಟ್ ಕಟ್ಸ್ ಅಂದಾಜು ಹೇಳಿದ್ದರು. ಆದರೆ 2013ರ ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ಹುಡುಕಾಟವೂ ಗೂಢಲಿಪಿಗೆ ಸೇರಿತು. ಆ ಒಂದು ಸಾಲೇ ಪಟ್ಟಿಯನ್ನೆಲ್ಲ ನುಂಗಿತು.

ಮುಚ್ಚಿದ್ದಕ್ಕೆ ಕಾರಣ

ಇದಕ್ಕೆ ಸಕಾರಣವೇ ಇಲ್ಲವೆಂದು ಹೇಳಲಾಗದು. ಮನುಷ್ಯ ಹುಡುಕು ಯಂತ್ರದ ಮುಂದೆ ತನ್ನ ರೋಗ, ಸಾಲ, ಸಂಸಾರದ ತಾಪತ್ರಯಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎ.ಓ.ಎಲ್. ಸಂಸ್ಥೆ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರು ತೆಗೆದು, ಬರಿಯ ಅಂಕಿ ಹಚ್ಚಿ ಸಂಶೋಧನೆಗೆಂದು ಪ್ರಕಟಿಸಿತು. ಪದಗಳನ್ನಷ್ಟೇ ಜೋಡಿಸಿ ನೋಡಿ ಪತ್ರಕರ್ತರು ಒಬ್ಬ ಮಹಿಳೆಯ ಮನೆಯನ್ನೇ ಪತ್ತೆ ಹಚ್ಚಿದರು. ಹುಡುಕಿದ ಪದಗಳನ್ನು ಬೇರೆ ವೆಬ್‌ಸೈಟುಗಳಿಗೆ ದಾಟಿಸುತ್ತಿದೆಯೆಂದು 2010ರಲ್ಲಿ ಗೂಗಲ್ ಮೇಲೆ ಅಮೆರಿಕದಲ್ಲಿ ದಾವೆಯೂ ಬಿದ್ದಿತು. ಅದು 2019ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಕೆಳಕ್ಕೆ ಮರಳಿತು. ಕೊನೆಗೆ 2023ರಲ್ಲಿ 2 ಕೋಟಿ 30 ಲಕ್ಷ ಡಾಲರಿನ ರಾಜಿಗೆ ಸಂಸ್ಥೆ ಒಪ್ಪಿತು. ನಮ್ಮ ಮನೆಯವರು ಹುಡುಕಿದ್ದು ಬೀದಿಗೆ ಬೀಳಬಾರದೆಂದು ನಾವೂ ಬಯಸುತ್ತೇವಷ್ಟೆ.

ಆದರೆ 2011ರಲ್ಲಿ ಬಾಗಿಲು ಎಲ್ಲರಿಗೂ ಒಂದೇ ಸಮನೆ ಮುಚ್ಚಲಿಲ್ಲ. ಗೂಗಲ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿದವರಿಗೆ ಪದಗಳು ಮೊದಲಿನಂತೆಯೇ ಹೋಗುತ್ತಿದ್ದವು. 2014ರ ಏಪ್ರಿಲ್‌ನಲ್ಲಿ ಆ ದಾರಿಯೂ ನಿಂತಿತಾದರೂ ಜಾಹೀರಾತುದಾರರಿಗೆ ಬೇರೆ ವರದಿಯಲ್ಲಿ ಪದಗಳು ದೊರೆಯುತ್ತಲೇ ಇದ್ದವು. 2020ರ ಸೆಪ್ಟೆಂಬರ್‌ನಿಂದ ಆ ವರದಿಯಲ್ಲೂ ವಿರಳ ಪದಗಳನ್ನು ಕೈಬಿಡಲಾಯಿತು. ಗುಟ್ಟು ಕಾಯುವುದೇ ಉದ್ದೇಶವಾಗಿದ್ದರೆ ಕಾಸು ಕೊಟ್ಟವನಿಗೆ ಮಾತ್ರ ಅಷ್ಟು ಕಾಲ ಕಿಟಕಿ ತೆರೆದಿಟ್ಟದ್ದೇಕೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತಿಲ್ಲ.

ಚಿಕ್ಕವರಿಗೇ ಹೆಚ್ಚು ಕತ್ತಲೆ

ವೆಬ್‌ಸೈಟ್ ಉಳ್ಳವರಿಗೆ ಗೂಗಲ್ 'ಸರ್ಚ್ ಕನ್ಸೋಲ್' ಎಂಬ ಉಚಿತ ವರದಿಯನ್ನು ಕೊಡುತ್ತದೆ. ಯಾವ ಪದಕ್ಕೆ ನಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬ ಮೊತ್ತ ಅದರಲ್ಲಿ ಸಿಗುತ್ತದೆ. ಇದು ಉಪಯುಕ್ತವೇ ಸರಿ. ಆದರೆ ಎರಡು-ಮೂರು ತಿಂಗಳ ಅವಧಿಯಲ್ಲಿ ಕೆಲವು ಡಜನ್ ಜನರಿಗಿಂತ ಹೆಚ್ಚು ಮಂದಿ ಕೇಳದ ಪದಗಳನ್ನು ಅದು ಪಟ್ಟಿಯಲ್ಲಿ ತೋರಿಸುವುದಿಲ್ಲ. ಒಟ್ಟು ಮೊತ್ತದಲ್ಲಿ ಅವು ಸೇರಿರುತ್ತವೆ, ಸಾಲುಗಳಲ್ಲಿ ಇರುವುದಿಲ್ಲ. ಸಾಲುಗಳನ್ನು ಕೂಡಿದರೆ ಮೊತ್ತಕ್ಕೆ ಸಮನಾಗದಿರಲು ಇದೇ ಮುಖ್ಯ ಕಾರಣ.

ಈ ನಿಯಮ ನೋಡುವುದಕ್ಕೆ ಸಮವಾಗಿದೆ, ಭಾರ ಮಾತ್ರ ಸಮವಾಗಿ ಬೀಳುವುದಿಲ್ಲ. ಕಾಫಿ ಎಂದು ಇಂಗ್ಲಿಷಿನಲ್ಲಿ ಹುಡುಕುವವರು ಲೆಕ್ಕವಿಲ್ಲದಷ್ಟು. ಆ ಪದ ದೊಡ್ಡ ಕಂಪನಿಯ ಪಟ್ಟಿಯಲ್ಲಿ ತಪ್ಪದೆ ಕಾಣುತ್ತದೆ. 'ಉಡಿ ತುಂಬಾಕ ಅಡಕಿ ಸವದತ್ತಿ' ಎಂದು ಕನ್ನಡದಲ್ಲಿ ಹುಡುಕುವವರು ಎಷ್ಟು ಮಂದಿ ಇದ್ದಾರು? ಅಂಥ ಮಾತೇ ಮುಚ್ಚಿಹೋಗುವುದು. ನಮ್ಮಂಥ ಚಿಕ್ಕ ವ್ಯಾಪಾರಕ್ಕೆ ಬೇಕಾದದ್ದೋ, ಅಂಥ ಮಾತೇ. ಸಾವಿರ ಮಂದಿ ಸುಮ್ಮನೆ ಕಾಫಿ ಎಂದು ಹುಡುಕಿದ್ದಕ್ಕಿಂತ, ಇಂಥದೇ ಬೇಕೆಂದು ಹತ್ತು ಮಂದಿ ಹುಡುಕಿದ್ದು ನಮಗೆ ಹೆಚ್ಚು ಲಾಭದ್ದು. 2019ರಲ್ಲಿ ಶಿರಸಿ ಸುಪಾರಿಗೂ, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಭೌಗೋಳಿಕ ಗುರುತು ದೊರೆಯಿತು. ಗ್ರಾಹಕರು ಆ ಹೆಸರು ಹಿಡಿದು ಕೇಳುತ್ತಿದ್ದಾರೆಯೇ ಎಂದು ಅರಿಯಲು ಚಿಕ್ಕ ಬೆಳೆಗಾರನಿಗೆ ಅರ್ಧ ಮುಚ್ಚಿದ ಪಟ್ಟಿಯಷ್ಟೇ ಆಧಾರ.

ಹೊರದೇಶಗಳಲ್ಲಿ ಈ ಮಾಹಿತಿಯ ಬಗ್ಗೆ ಕಾನೂನು ಎಚ್ಚೆತ್ತಿದೆ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯಿದೆಯೂ, ಅಮೆರಿಕದ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ತೀರ್ಪೂ ಗೂಗಲ್ ತನ್ನ ಹುಡುಕಾಟದ ಮಾಹಿತಿಯಲ್ಲಿ ಸ್ವಲ್ಪವನ್ನು ಹಂಚಿಕೊಳ್ಳಬೇಕೆನ್ನುತ್ತವೆ. ಆದರೆ ಪಾಲು ಸಿಗುವುದು ಎದುರಾಳಿ ಸಂಸ್ಥೆಗಳಿಗೆ. ಪುಟ ಬರೆದವನೂ ಮಾಲು ಬೆಳೆದವನೂ ಆ ಪಂಕ್ತಿಯಲ್ಲಿ ಇಲ್ಲ.

ನಾವು ಮಾಡಬಹುದಾದದ್ದು

ಮುಚ್ಚಿದ್ದನ್ನು ತೆರೆಯುವುದು ನಮ್ಮ ಕೈಯಲ್ಲಿಲ್ಲ. ಆದರೂ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಮೊದಲನೆಯದಾಗಿ, ವೆಬ್‌ಸೈಟನ್ನು ಸರ್ಚ್ ಕನ್ಸೋಲ್‌ನಲ್ಲಿ ನೋಂದಾಯಿಸಿ. ಅದು 16 ತಿಂಗಳ ಮಾಹಿತಿಯನ್ನಷ್ಟೇ ಇಡುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಪಟ್ಟಿಯನ್ನು ಇಳಿಸಿ ಜೋಪಾನ ಮಾಡಿ. ಹೋದ ವರ್ಷದ ಜಾತ್ರೆಯ ಕಾಲವನ್ನೂ ಈ ವರ್ಷದ್ದನ್ನೂ ಹೋಲಿಸಲು ಅದು ಬೇಕಾಗುತ್ತದೆ.

ಎರಡನೆಯದಾಗಿ, ಪದ ಕಾಣದಿದ್ದರೂ ಜನ ಯಾವ ಪುಟಕ್ಕೆ ಬಂದರೆಂಬುದು ಕಾಣುತ್ತದೆ. ಕಾಫಿ ಪುಡಿಗೊಂದು, ಅಡಿಕೆಗೊಂದು, ಉಡಿ ಸಾಮಾನಿಗೊಂದು ಹೀಗೆ ಪ್ರತ್ಯೇಕ ಪುಟವಿದ್ದರೆ ಬಂದವರ ಮನಸ್ಸು ಅರ್ಧ ತಿಳಿದಂತೆಯೇ. ಎಲ್ಲವನ್ನೂ ಒಂದೇ ಪುಟದಲ್ಲಿ ತುರುಕಬೇಡಿ.

ಮೂರನೆಯದಾಗಿ, ವೆಬ್‌ಸೈಟಿನೊಳಗೇ ಒಂದು ಹುಡುಕು ಪೆಟ್ಟಿಗೆ ಇಡಿಸಿ. ಅದರಲ್ಲಿ ಬರೆದ ಮಾತು ನೇರವಾಗಿ ನಿಮ್ಮ ದಾಖಲೆಗೆ ಬರುವಂತೆ ಮಾಡಿಸಬಹುದು.

ನಾಲ್ಕನೆಯದಾಗಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಅಂಗಡಿಯ ಕಟ್ಟೆಯಲ್ಲಿ ಪ್ರತಿ ಹೊಸ ಗಿರಾಕಿಯನ್ನು ಕೇಳಿ: "ನಮ್ಮನ್ನು ಏನಂತ ಹುಡುಕಿದಿರಿ?" ಅವರು ಅಂದಂತೆಯೇ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅಡಕಿ ಎಂದರೆ ಅಡಕಿ ಎಂದೇ ಬರೆಯಿರಿ, ತಿದ್ದಬೇಡಿ. ಪಕ್ಕದಲ್ಲಿ ಅವರ ಹೆಸರು, ಫೋನ್ ನಂಬರು ಬೇಡ. ಗಿರಾಕಿಯ ಗುಟ್ಟು ಕಾಯುವ ಜವಾಬ್ದಾರಿ ನಮಗೂ ಇದೆ.

ಐದನೆಯದಾಗಿ, ಹೀಗೆ ಸಿಕ್ಕ ಪದಗಳನ್ನು ಪುಟದಲ್ಲಿ ಸಹಜವಾದ ವಾಕ್ಯಗಳಲ್ಲಿ ಬಳಸಿ. ಸೌಂದತ್ತಿ ಎಂದೂ ಕರೆಯುವ ಸವದತ್ತಿಗೆ ಮಾಲು ಕಳುಹಿಸುತ್ತೇವೆ ಎಂದು ಒಂದು ಸಾಲು ಬರೆದರೆ ಸಾಕು. ಒಂದೇ ಪದವನ್ನು ನೂರು ಸಲ ಪೋಣಿಸಿದರೆ ಗೂಗಲ್‌ನ ನಿಯಮದ ಪ್ರಕಾರ ಅದು ದೋಷ. ಮುಚ್ಚಿದ ಪದಗಳನ್ನೆಲ್ಲ ತೆಗೆದುಕೊಡುತ್ತೇವೆಂದು ಹಣ ಕೇಳುವವರು ಬಂದರೆ, ಅವರು ಕೊಡುವುದು ಅಂದಾಜೇ ಹೊರತು ನಿಮ್ಮ ಗಿರಾಕಿಯ ಮಾತಲ್ಲ ಎಂಬುದು ನೆನಪಿರಲಿ.

ಕೊನೆಯದಾಗಿ, ಈ ನೋಟುಪುಸ್ತಕಗಳು ಒಬ್ಬೊಬ್ಬರ ಮನೆಯಲ್ಲಿ ಉಳಿಯಬಾರದು. ಒಬ್ಬ ಸದಸ್ಯನಿಗೆ ವರ್ಷಕ್ಕೆ ಇಪ್ಪತ್ತು ಮಾತು ಸಿಕ್ಕರೆ ಐವತ್ತು ಸದಸ್ಯರಿಗೆ ಸಾವಿರ ಮಾತು ಸಿಕ್ಕಿದಂತಾಯಿತು. ಸಂಘಗಳು ಅವನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ಎಲ್ಲರಿಗೂ ಹಂಚಿದರೆ ಯಾವ ಕಂಪನಿಯೂ ಮುಚ್ಚಲಾಗದ ಪಟ್ಟಿಯೊಂದು ನಮ್ಮದೇ ಆಗುತ್ತದೆ. ಬೆಳಗಾವಿ ಸೀಮೆಗೆ ದೂರವಲ್ಲದ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಒಬ್ಬೊಬ್ಬ ರೈತನ ಕೈಯಲ್ಲಿದ್ದ ಚಿಲ್ಲರೆ ಹಣ ಒಟ್ಟಾಗಿ ಊರಿಗೆ ಬಂಡವಾಳವಾಯಿತು. ಗಿರಾಕಿಯ ಮಾತನ್ನೂ ಹಾಗೆಯೇ ಕೂಡಿಡಬಹುದು. ಮುಂದಿನ ಮಹಾಸಭೆಗೆ ಬರುವಾಗ ಸದಸ್ಯರು ತಮ್ಮ ನೋಟುಪುಸ್ತಕವನ್ನೂ ಜೊತೆಗೆ ತರಬೇಕಾಗಿ ಕೋರುತ್ತೇವೆ.