ಐವತ್ತರ ನಂತರದ ಹೊಸ ಉದ್ಯಮ: ಲೆಕ್ಕಕ್ಕೆ ಬರುವುದು ಯಾರ ವಯಸ್ಸು?

ರಾಮನಗರದಲ್ಲಿ ಮೂವತ್ತು ವರ್ಷಗಳಿಂದ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುತ್ತಿರುವ ರೀಲರೊಬ್ಬರ ಲೆಕ್ಕಪತ್ರಗಳನ್ನು ನಾನು ಬಹುಕಾಲದಿಂದ ನೋಡಿಕೊಂಡು ಬಂದಿದ್ದೇನೆ. ಗೂಡಿನ ಖರೀದಿ ಬೆಲೆ, ರೆಂಡಿಟ್ಟಾ ಹಾಗೂ ನೂಲಿನ ಇಳುವರಿಯನ್ನು ಲಾಟುವಾರು ಮೊಬೈಲಿನಲ್ಲಿಯೇ ಲೆಕ್ಕ ಹಾಕುವ ತಂತ್ರಾಂಶವನ್ನು ಸಿದ್ಧಪಡಿಸಿ ಇತರ ರೀಲರುಗಳಿಗೆ ಒದಗಿಸುವ ಯೋಜನೆಯೊಂದಿಗೆ, ತಮ್ಮ 57ನೆಯ ವಯಸ್ಸಿನಲ್ಲಿ ಅವರು ಸಾಲಕ್ಕೆ ಅರ್ಜಿ ಸಲ್ಲಿಸಿದರು. ಯೋಜನಾ ವರದಿಯನ್ನು ತೆರೆಯುವ ಮೊದಲೇ ಅಧಿಕಾರಿಗಳು ಕೇಳಿದರು: "ಮಗನ ಹೆಸರಿನಲ್ಲಿ ಹಾಕಬಾರದೇ ಯಜಮಾನರೇ?" ಮಗ ಬೇರೆ ಉದ್ಯೋಗದಲ್ಲಿದ್ದಾನೆ, ಗೂಡಿನ ಗುಣ ಅವನಿಗೆ ತಿಳಿಯದು. ಅರ್ಜಿ ಹಿಂದಿರುಗಿತು.

ತಂತ್ರಜ್ಞಾನ ಉದ್ಯಮವು ಯುವಕರ ಸೊತ್ತು ಎಂಬ ನಂಬಿಕೆಗೆ ಅಂಕಿಅಂಶಗಳ ಆಧಾರವಿಲ್ಲ. ಅಮೆರಿಕದಲ್ಲಿ ಪಿಯರ್ ಅಜೌಲೆ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾವಿರಕ್ಕೊಂದರಂತೆ ಅತಿ ವೇಗವಾಗಿ ಬೆಳೆದ ಹೊಸ ಸಂಸ್ಥೆಗಳ ಸ್ಥಾಪಕರ ಸರಾಸರಿ ವಯಸ್ಸು 45. ಬೆಂಗಳೂರಿನಲ್ಲಿಯೇ ಅಶೋಕ್ ಸೂಟಾ ಅವರು 1999ರಲ್ಲಿ ಸಂಗಡಿಗರೊಂದಿಗೆ ಮೈಂಡ್‌ಟ್ರೀ ಆರಂಭಿಸಿದಾಗ ಅವರಿಗೆ 56 ವರ್ಷ; 2011ರಲ್ಲಿ ಹ್ಯಾಪಿಯೆಸ್ಟ್ ಮೈಂಡ್ಸ್ ಆರಂಭಿಸಿದಾಗ 68. ಆ ಕಂಪನಿ 2020ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಸೂಟಾ ಅವರಿಗೆ ವಿಪ್ರೋದ ಅನುಭವ ಮತ್ತು ಹೆಸರು ಬೆನ್ನಿಗಿದ್ದವು, ನಮ್ಮ ರೀಲರಿಗೆ ಅವಿಲ್ಲ ಎಂಬುದು ನಿಜ. ಆದರೆ ತಮ್ಮ ಕಸುಬಿನ ಒಳಹೊರಗು ಬಲ್ಲವರೆಂಬುದು ಇಬ್ಬರಿಗೂ ಸಮಾನ.

ಹಾಗೆಂದು ಬ್ಯಾಂಕಿನವರ ಅಳುಕು ಪೂರ್ತಿ ನಿರಾಧಾರವೆನ್ನಲಾಗದು. ಏಕಮಾಲೀಕತ್ವದ ಸಂಸ್ಥೆ ಮಾಲೀಕರೊಂದಿಗೇ ಮುಗಿಯುತ್ತದೆ. ಏಳು ವರ್ಷದ ಸಾಲವನ್ನು ಆಮೇಲೆ ತೀರಿಸುವವರು ಯಾರು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಮಗನ ಹೆಸರಲ್ಲ, ಸಂಸ್ಥೆಯ ಸ್ವರೂಪ. 2008ರ ಕಾಯಿದೆಯನ್ವಯ ರಚಿತವಾಗುವ ಎಲ್‌ಎಲ್‌ಪಿಗೆ ಕನಿಷ್ಠ ಇಬ್ಬರು ಪಾಲುದಾರರು ಬೇಕು. ಒಬ್ಬರು ನಿಧನರಾದರೂ ಸಂಸ್ಥೆ ಮುಂದುವರಿಯುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಈ ಗುಣವಿದೆ. ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಮಾನ್ಯತೆಗೂ ಏಕಮಾಲೀಕತ್ವದ ಸಂಸ್ಥೆ ಅರ್ಹವಲ್ಲ. ಅಲ್ಲಿ ಎಣಿಸುವುದು ಸಂಸ್ಥೆ ನೋಂದಣಿಯಾಗಿ ಎಷ್ಟು ವರ್ಷವಾಯಿತೆಂಬುದನ್ನೇ ಹೊರತು ಸ್ಥಾಪಕರ ವಯಸ್ಸನ್ನಲ್ಲ.

ನಮ್ಮ ರೀಲರು ಈಗ ಯುವ ತಂತ್ರಾಂಶ ಇಂಜಿನಿಯರರೊಬ್ಬರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು ಎಲ್‌ಎಲ್‌ಪಿ ನೋಂದಾಯಿಸಿದ್ದಾರೆ. ಸಾಲದ ಮೊತ್ತಕ್ಕೆ ಸಮನಾದ ಜೀವವಿಮೆಯನ್ನೂ ಮಾಡಿಸಿದ್ದಾರೆ. ಅರ್ಜಿ ಪುನಃ ಪರಿಶೀಲನೆಯಲ್ಲಿದೆ. ಫಲಿತಾಂಶ ಏನಾಗುವುದೋ ಹೇಳಲಾರೆ. ಆದರೆ ಈ ಬಾರಿ ಚರ್ಚೆ ನಡೆದದ್ದು ಯೋಜನಾ ವರದಿಯ ಮೇಲೆ.

ಚನ್ನಪಟ್ಟಣದ ಬೊಂಬೆ ತಯಾರಕರಿರಲಿ, ಕನಕಪುರ, ಮಾಗಡಿಯ ವರ್ತಕರಿರಲಿ, ಐವತ್ತು ದಾಟಿ ಹೊಸ ಉದ್ಯಮಕ್ಕೆ ಕೈಹಾಕುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ವಯಸ್ಸಿಗೆ ಸಂಕೋಚಪಟ್ಟು ಮಕ್ಕಳ ಹೆಸರಿನಲ್ಲಿ ಅರ್ಜಿ ಹಾಕಬೇಡಿ. ನಿಮ್ಮ ನಂತರವೂ ನಡೆಯುವಂತಹ ಸಂಸ್ಥೆಯನ್ನು ಮೊದಲು ಕಟ್ಟಿ, ನಿಮ್ಮದೇ ಹೆಸರಿನಲ್ಲಿ ಸಾಲ ಕೇಳಿ.