ಪರದೇಶದ ನಗರ: ಮೋಹವೂ ಒಲವೂ

ಮಗನನ್ನು ವಿದ್ಯಾಭ್ಯಾಸಕ್ಕೋಸ್ಕರ ಸಮುದ್ರದಾಚೆಗೆ ಕಳುಹಿಸಿದ ತಾಯಿತಂದೆಗಳ ಚಿಂತೆಯು ಮೊದಲನೆಯ ವರ್ಷದಲ್ಲಿ ಒಂದು ಬಗೆಯದು. ಎರಡನೆಯ ವರ್ಷದಲ್ಲಿ ಮತ್ತೊಂದು ಬಗೆಯದು. ಅಲ್ಲಿಯ ಚಳಿಯನ್ನು ಹುಡುಗನು ತಡೆದಾನೇ, ಊಟವು ಸೇರೀತೇ, ಒಂಟಿಯಾಗಿ ಕೊರಗುವನೋ ಏನೋ ಎಂಬುದು ಮೊದಲನೆಯದು. “ಈ ಊರು ನನಗೆ ಬಹಳ ಹಿಡಿಸಿದೆ” ಎಂದು ಆತನು ಹೇಳಿದೊಡನೆ, ಹಿಡಿಸಿಬಿಟ್ಟಿತಲ್ಲಾ ಎಂಬುದೇ ಎರಡನೆಯ ಚಿಂತೆ! ಮಗನು ನಮ್ಮ ಕೈಬಿಟ್ಟನು, ಪರದೇಶದ ಪಟ್ಟಣವು ಆತನನ್ನು ನುಂಗಿತು ಎಂದು ಹೆತ್ತವರು ನಿಟ್ಟುಸಿರಿಡುವರು. ಮಗಳು ಹೋಗಿದ್ದರೆ ಈ ನಿಟ್ಟುಸಿರು ಇನ್ನಷ್ಟು ದೀರ್ಘವಾಗುವುದು. ಇಂತಹ ಮನೆಗಳು ಈಗ ನಮ್ಮ ನಾಡಿನ ಊರೂರಿನಲ್ಲಿಯೂ ಇರುವುದರಿಂದ, ಪರದೇಶದ ನಗರವೊಂದಕ್ಕೆ ಮನಸೋಲುವುದೆಂದರೆ ಏನು, ಅದರಿಂದ ಸ್ವಂತ ಮನೆಗೆ ಹಾನಿಯುಂಟೇ ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಅನುಚಿತವಾಗಲಾರದು.

ನಮ್ಮ ಪೂರ್ವಿಕರು ನಗರವನ್ನು ಹೀನವೆಂದು ಎಣಿಸಿದವರಲ್ಲ. ‘ನಗರ’ ಶಬ್ದದಿಂದಲೇ ‘ನಾಗರಿಕ’ ಶಬ್ದವು ಹುಟ್ಟಿ, ನಯವನ್ನು ಬಲ್ಲವನು, ಸಂಸ್ಕಾರವುಳ್ಳವನು ಎಂಬ ಅರ್ಥವನ್ನು ಪಡೆಯಿತು. ‘ಗ್ರಾಮ್ಯ’ವನ್ನಾದರೋ ಆಲಂಕಾರಿಕರು ಕಾವ್ಯದೋಷಗಳ ಪಟ್ಟಿಯಲ್ಲಿ ಸೇರಿಸಿಬಿಟ್ಟರು! ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷನು ವಿರಹದಿಂದ ಬೆಂದು ಮೇಘವನ್ನು ಉತ್ತರ ದಿಕ್ಕಿಗೆ ಕಳುಹಿಸುತ್ತಿರುವನು, ಸಂದೇಶವು ಬೇಗನೆ ಮುಟ್ಟಬೇಕಾದುದು. ಆದರೂ ದಾರಿಯನ್ನು ಡೊಂಕುಮಾಡಿಕೊಂಡಾದರೂ ಉಜ್ಜಯಿನಿಯನ್ನು ನೋಡಿಯೇ ಹೋಗೆಂದು ಆತನು ಮೇಘಕ್ಕೆ ಹೇಳುವನು. ಅಲ್ಲಿಯ ಒಂದು ಮಾಳಿಗೆಯ ಮೇಲೆ ರಾತ್ರಿಯನ್ನು ಕಳೆದು, ಸೂರ್ಯೋದಯವಾದೊಡನೆ ಉಳಿದ ದಾರಿಯನ್ನು ನಡೆಯೆಂದು ಹೇಳುವುದನ್ನೂ ಮರೆಯುವುದಿಲ್ಲ. ನಗರದ ಸೊಬಗನ್ನು ಅನುಭವಿಸುವುದೂ ಒಪ್ಪಿಕೊಂಡ ಕಾರ್ಯವನ್ನು ನೆರವೇರಿಸುವುದೂ ಪರಸ್ಪರ ವಿರುದ್ಧವಲ್ಲವೆಂಬುದು ಕವಿಯ ಆಶಯವಾಗಿರಬೇಕು.

ಆದರೆ ಮೋಹವು ಬೇರೆ, ಒಲವು ಬೇರೆ. ದೀಪಗಳನ್ನೂ ಅಂಗಡಿಗಳನ್ನೂ ಕಂಡು ಬೆರಗಾಗುವುದು ಮೋಹ. ಅದಕ್ಕೆ ಒಂದು ಸಂಜೆ ಸಾಕು. ಒಲವಿಗಾದರೋ ಬೀದಿಗಳ ಪರಿಚಯವೂ ಜನರ ಸಹವಾಸವೂ ಕಾಲವೂ ಬೇಕಾಗುವುವು. ಈ ಎರಡನ್ನೂ ಅನುಭವಿಸಿ, ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರೊಬ್ಬರ ಉದಾಹರಣೆಯು ನಮ್ಮ ಮುಂದಿದೆ. ಅವರು ಬೇರೆ ಯಾರೂ ಅಲ್ಲ, ಮಹಾತ್ಮಾ ಗಾಂಧಿಯವರು.

1888ನೆಯ ಇಸವಿ ಸೆಪ್ಟೆಂಬರ್ 4ರಂದು ಅವರು ಮುಂಬಯಿಯಲ್ಲಿ ಹಡಗನ್ನೇರಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಪತ್ನಿ, ಎಳೆಯ ಮಗು. ಸಮುದ್ರವನ್ನು ದಾಟುವವನಿಗೆ ಜಾತಿಯವರು ಬಹಿಷ್ಕಾರವನ್ನು ಹಾಕಿದ್ದರು. ತಾಯಿಯಾದ ಪುತಲೀಬಾಯಿಯವರು ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂದು ಮಗನಿಂದ ಪ್ರತಿಜ್ಞೆಯನ್ನು ಮಾಡಿಸಿಕೊಂಡ ಬಳಿಕವೇ ಅಪ್ಪಣೆಯಿತ್ತಿದ್ದರು. ಲಂಡನ್ನಿನಲ್ಲಿ ಅವರು ಇಳಿದುಕೊಂಡ ಮೊದಲ ಹೊಟೆಲಿನ ವೈಭವವನ್ನು ಕಂಡು ಹುಡುಗನು ದಂಗಾದನು. ಒಂದು ಚಿಕ್ಕ ಕೋಣೆಯ ಬಾಗಿಲನ್ನು ತೆರೆದು ಒಳಕ್ಕೆ ಕರೆದಾಗ, ಸ್ವಲ್ಪ ಹೊತ್ತು ಕುಳಿತಿರಲು ಮಾಡಿದ ಕೋಣೆಯೆಂದೇ ಆತನು ತಿಳಿದುಕೊಂಡನು. ನೋಡುವಷ್ಟರಲ್ಲಿ ಅದು ಎಲ್ಲರನ್ನೂ ಎರಡನೆಯ ಅಂತಸ್ತಿಗೆ ಏರಿಸಿಬಿಟ್ಟಿತ್ತು! ಅದು ಲಿಫ್ಟು.

ಬೆರಗು ಹೀಗಿದ್ದರೂ ರಾತ್ರಿಯಾದೊಡನೆ ಮನೆಯ ನೆನಪಿನಿಂದ ಕಣ್ಣೀರು ಹರಿಯುತ್ತಿತ್ತು. ಹೊಟ್ಟೆಗೂ ಸರಿಯಾಗಿ ಬೀಳುತ್ತಿರಲಿಲ್ಲ. ಉಪ್ಪುಖಾರಗಳಿಲ್ಲದ ಬೇಯಿಸಿದ ಪಲ್ಯಗಳು ಗಂಟಲಲ್ಲಿ ಇಳಿಯವು. ಇನ್ನಷ್ಟು ರೊಟ್ಟಿಯನ್ನು ಬೇಡಲು ಸಂಕೋಚ. ನಗರದಲ್ಲಿ ಸಸ್ಯಾಹಾರದ ಊಟದ ಮನೆಗಳುಂಟೆಂದು ಬಿಡಾರದ ಯಜಮಾನಿಯು ಹೇಳಿದಳು. ಅಂದಿನಿಂದ ಅವನ್ನು ಹುಡುಕುತ್ತ ಹುಡುಗನು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯತೊಡಗಿದನು. ಹೀಗೆ ಅಲೆಯುತ್ತಿರುವಾಗ ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂತಹ ಮನೆಯೊಂದು ಕಣ್ಣಿಗೆ ಬಿದ್ದಿತು. ಬಾಗಿಲ ಬಳಿಯಲ್ಲಿ ಮಾರಾಟಕ್ಕಿಟ್ಟಿದ್ದ ಸಸ್ಯಾಹಾರವನ್ನು ಸಮರ್ಥಿಸುವ ಸಾಲ್ಟ್ ಎಂಬವರ ಗ್ರಂಥವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು, ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲನೆಯ ಸಲ ಹೊಟ್ಟೆತುಂಬ ಉಂಡನು. ಆ ಗ್ರಂಥವನ್ನು ಓದಿದಂದಿನಿಂದ, ತಾಯಿಯ ಮಾತಿಗಾಗಿ ನಡೆಯಿಸುತ್ತಿದ್ದ ನಿಯಮವು ಆತನ ಸ್ವಂತ ನಂಬಿಕೆಯಾಯಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷಿಸಬೇಕು. ಆ ಹುಡುಗನನ್ನು ಲಂಡನ್ನಿನ ಬೀದಿಬೀದಿಗಳಲ್ಲಿ ನಡೆಯಿಸಿದುದು ಯಾವುದು? ನಗರದ ಥಳಕಲ್ಲ, ರಾಜಕೋಟೆಯಲ್ಲಿದ್ದ ತಾಯಿಗೆ ಕೊಟ್ಟ ಮಾತು. ಮಗನನ್ನು ಪರದೇಶದಿಂದ ರಕ್ಷಿಸಲೆಂದು ಆ ಸಾಧ್ವಿಯು ಕಟ್ಟಿದ ಕಟ್ಟೇ ಆತನಿಗೆ ಪರದೇಶದ ನಗರದ ಪರಿಚಯವನ್ನು ಮಾಡಿಕೊಟ್ಟಿತು!

ಮೋಹದ ಕಾಲವೂ ಬಾರದೆ ಹೋಗಲಿಲ್ಲ. ಸಸ್ಯಾಹಾರದ ಹಟದಿಂದ ಸಭ್ಯರ ಸಮಾಜಕ್ಕೆ ಹೊರಗಾಗುವೆನೆಂದು ಗೆಳೆಯರೊಬ್ಬರು ಕಳವಳಗೊಂಡುದರಿಂದ, ಆ ಕೊರತೆಯನ್ನು ವೇಷಭೂಷಣಗಳಿಂದ ತುಂಬಲು ಅವರು ಹೊರಟರು. ಹತ್ತೊಂಬತ್ತು ಶಿಲ್ಲಿಂಗಿನ ರೇಷ್ಮೆಯ ಟೊಪ್ಪಿಗೆ, ಬಾಂಡ್ ಬೀದಿಯಲ್ಲಿ ಹತ್ತು ಪೌಂಡು ಕೊಟ್ಟು ಹೊಲಿಸಿದ ಸಂಜೆಯ ಉಡುಪು, ಅಣ್ಣನಿಂದ ತರಿಸಿಕೊಂಡ ಚಿನ್ನದ ಗಡಿಯಾರದ ಸರಪಣಿ, ನಾಟ್ಯದ ಪಾಠ, ಪಿಟೀಲಿನ ಪಾಠ, ವಾಕ್ಚಾತುರ್ಯದ ಪಾಠ! ಪ್ರತಿದಿನವೂ ಕನ್ನಡಿಯ ಮುಂದೆ ನಿಂತು ಕುತ್ತಿಗೆಯ ಟೈಯನ್ನೂ ಬೈತಲೆಯನ್ನೂ ಸರಿಪಡಿಸಿಕೊಳ್ಳಲು ಹತ್ತು ನಿಮಿಷ. ಈ ಹುಚ್ಚು ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ನಾನು ವಿದ್ಯಾರ್ಥಿಯು, ಇಂಗ್ಲೆಂಡಿನಲ್ಲಿ ಆಯುಷ್ಯವನ್ನು ಕಳೆಯಲು ಬಂದವನಲ್ಲ ಎಂಬ ಎಚ್ಚರವು ಮೂಡಿತು.

ನಿಜವಾದ ಒಲವು ಬೆಳೆದುದು ಅನಂತರ. ಎರಡು ಕೋಣೆಗಳ ಬಿಡಾರವನ್ನು ಬಿಟ್ಟು ಒಂದೇ ಕೋಣೆಯನ್ನು ಹಿಡಿದರು. ಬೆಳಗಿನ ಗಂಜಿಯನ್ನೂ ಕೋಕೋವನ್ನೂ ತಾವೇ ಕಾಯಿಸಿಕೊಂಡರು. ಬಸ್ಸಿನ ಕಾಸಿಗೂ ಲೆಕ್ಕವಿಟ್ಟು, ಹೋಗಬೇಕಾದಲ್ಲಿಗೆಲ್ಲ ಕಾಲ್ನಡಿಗೆಯಿಂದಲೇ ಹೋಗುತ್ತ ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ತಮ್ಮ ಆರೋಗ್ಯವು ಕೆಡದಿದ್ದುದಕ್ಕೆ ಈ ನಡಿಗೆಯೇ ಕಾರಣವೆಂದು ಬರೆದಿರುವರು. ಬೇಸ್‌ವಾಟರ್ ಎಂಬ ಭಾಗದಲ್ಲಿ ವಾಸಿಸುತ್ತಿದ್ದಾಗ ಅಲ್ಲಿಯ ನೆರೆಹೊರೆಯವರನ್ನು ಸೇರಿಸಿ ಸಸ್ಯಾಹಾರಿಗಳ ಸಂಘವೊಂದನ್ನು ಸ್ಥಾಪಿಸಿ, ಅದರ ಕಾರ್ಯದರ್ಶಿಯಾದರು. ಅದೇ ಭಾಗದಲ್ಲಿದ್ದ ಸರ್ ಎಡ್ವಿನ್ ಆರ್ನಾಲ್ಡರು ಅದಕ್ಕೆ ಉಪಾಧ್ಯಕ್ಷರು. ಪ್ಯಾರಿಸ್ ನಗರಕ್ಕೆ ಹೋದಾಗಲೂ ಏಳು ದಿನಗಳ ಕಾಲ ಕೈಯಲ್ಲಿ ನಕ್ಷೆಯನ್ನು ಹಿಡಿದು ಬಹುಮಟ್ಟಿಗೆ ನಡೆದೇ ಎಲ್ಲವನ್ನೂ ನೋಡಿದರು. ಐಫೆಲ್ ಗೋಪುರವು ಅವರಿಗೆ ಆಟದ ಸಾಮಾನಾಗಿ ತೋರಿತು. ಪುರಾತನ ದೇವಾಲಯಗಳ ಮುಂದೆ ಮಾತ್ರ ತಲೆಬಾಗಿತು.

ಸಂಸ್ಕೃತವನ್ನು ಕಲಿಸಿ ಬಾಳಿದ ನನಗೆ ಅತ್ಯಂತ ವಿಸ್ಮಯಕರವಾಗಿ ತೋರುವ ಸಂಗತಿಯು ಇನ್ನೊಂದು. ಗಾಂಧಿಯವರು ಭಗವದ್ಗೀತೆಯನ್ನು ಮೊಟ್ಟಮೊದಲು ಓದಿದುದು ಲಂಡನ್ನಿನಲ್ಲಿ! ಅದುವರೆಗೆ ಅವರು ಅದನ್ನು ಸಂಸ್ಕೃತದಲ್ಲಿಯೂ ಗುಜರಾತಿಯಲ್ಲಿಯೂ ಓದಿರಲಿಲ್ಲ. ಥಿಯಾಸಫಿಯ ಮತದವರಾದ ಇಬ್ಬರು ಸಹೋದರರು ಆರ್ನಾಲ್ಡರ ಇಂಗ್ಲಿಷ್ ಪದ್ಯಾನುವಾದವನ್ನು ಓದುತ್ತ, ಮೂಲವನ್ನು ತಮ್ಮೊಡನೆ ಓದಬೇಕೆಂದು ಅವರನ್ನು ಕರೆದರು. ನಾಚಿಕೆಯಿಂದಲೇ ಅವರು ಓದಲಾರಂಭಿಸಿದರು. ಮುಂದೆ ಅವರ ಬಾಳಿಗೆಲ್ಲ ಆಧಾರವಾದ ಗ್ರಂಥವು ಮನೆಯಂಗಳದಲ್ಲಿ ದೊರೆಯದೆ ಪರದೇಶದ ನಗರದಲ್ಲಿ ದೊರೆಯಿತು. ನಾನಾ ದೇಶದವರೂ ನಾನಾ ಮತದವರೂ ಒಂದೆಡೆ ಕೂಡುವ ಮಹಾನಗರದ ಗುಣವೇ ಇದು: ಅಲ್ಲಿ ಪರರು ಕೇಳುವ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ನಮ್ಮ ಮನೆಯ ನಿಧಿಯು ನಮಗೆ ಗೋಚರವಾಗುವುದು.

1891ರ ಜೂನ್ 10ರಂದು ಬ್ಯಾರಿಸ್ಟರಾಗಿ, 12ರಂದು ಅವರು ಸ್ವದೇಶಕ್ಕೆ ಹೊರಟರು. ತಡಮಾಡಲಿಲ್ಲ. ಆದರೂ ಅಲ್ಲಿಯ ಸಸ್ಯಾಹಾರಿಗಳ ಪತ್ರಿಕೆಗೆ ಬರೆದ ಲೇಖನದಲ್ಲಿ, ಆ ನಗರವನ್ನು ಬಿಡುವಾಗ ತಮಗೆ ತುಂಬ ವ್ಯಥೆಯಾಯಿತೆಂದು ಹೇಳಿಕೊಂಡಿರುವರು. ಅಲ್ಲಿಯ ವಿದ್ಯಾಸಂಸ್ಥೆಗಳು, ಚಿತ್ರಶಾಲೆಗಳು, ವಸ್ತುಸಂಗ್ರಹಾಲಯಗಳು, ಉದ್ಯಾನಗಳು, ಸಸ್ಯಾಹಾರದ ಊಟದ ಮನೆಗಳು ಇವನ್ನೆಲ್ಲ ಪ್ರೀತಿಯಿಂದ ಎಣಿಸಿರುವರು. ಮುಂದೆ 1909ರಲ್ಲಿ ‘ಹಿಂದ್ ಸ್ವರಾಜ್ಯ’ವನ್ನು ಬರೆದು ಆಧುನಿಕ ನಾಗರಿಕತೆಯನ್ನು ಕಟುವಾಗಿ ಖಂಡಿಸಿದವರೂ ಇವರೇ. ಆದರೂ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಮತ್ತೆ ಲಂಡನ್ನಿಗೆ ಹೋದಾಗ ದೊಡ್ಡ ಹೊಟೆಲುಗಳನ್ನು ಬಿಟ್ಟು, ನಗರದ ಪೂರ್ವಭಾಗದಲ್ಲಿ ಕೂಲಿಕಾರರ ನಡುವೆ ಕಿಂಗ್ಸ್‌ಲಿ ಹಾಲ್ ಎಂಬಲ್ಲಿ ಬಿಡಾರಮಾಡಿ, ನಸುಕಿನಲ್ಲಿ ಆ ಬಡಬೀದಿಗಳಲ್ಲಿ ನಡೆದಾಡಿದರು. ಒಂದು ನಗರದ ದೋಷವನ್ನು ಬಲ್ಲವನಿಗೂ ಅದರ ಜನರ ಮೇಲೆ ಒಲವು ಇರಬಲ್ಲುದು.

ಮಗಳ ಮನೆಯಲ್ಲಿ ಕೆಲವು ತಿಂಗಳನ್ನು ಕಳೆಯುವ ನಿಮಿತ್ತ ನಾನೂ ಆ ನಗರವನ್ನು ಕಂಡೆನು. ನನಗೆ ಹಿಡಿಸಿದುದು ಅರಮನೆಯಲ್ಲ, ಅಂಗಡಿಯಲ್ಲ. ಕಾಸಿಲ್ಲದವನಿಗೂ ಅಲ್ಲಿ ದೊರೆಯುವ ಸಾರ್ವಜನಿಕ ಸಂಪತ್ತು. 1759ರಲ್ಲಿ ಜನರಿಗೆ ತೆರೆದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶಧನವಿಲ್ಲ. ನಮ್ಮ ಅಮರಾವತಿಯ ಶಿಲ್ಪಗಳನ್ನು ಅಲ್ಲಿ ನೋಡುತ್ತ ನಿಂತಾಗ, ಇವು ಇಲ್ಲಿಗೆ ಬರಬೇಕಾಯಿತೇ ಎಂಬ ನೋವೂ, ಇಷ್ಟು ಜೋಪಾನವಾಗಿರುವುವಲ್ಲಾ ಎಂಬ ಸಮಾಧಾನವೂ ಒಟ್ಟಿಗೇ ಉಂಟಾದುವು. ನಗರದ ನಡುವೆ ಸುಮಾರು 350 ಎಕರೆಗಳ ಹೈಡ್ ಪಾರ್ಕು ಎಲ್ಲರ ಸೊತ್ತಾಗಿ ಹಬ್ಬಿದೆ. ಉದ್ಯಾನಗಳ ಬೆಂಚುಗಳ ಮೇಲೆ ಚಿಕ್ಕ ಫಲಕಗಳಿರುವುವು. ಈ ತಾಣವನ್ನು ಬಹಳವಾಗಿ ಪ್ರೀತಿಸುತ್ತಿದ್ದ ಇಂಥವರ ನೆನಪಿಗೆ ಎಂದು ಸತ್ತವರ ಬಂಧುಗಳು ಅವನ್ನು ಹಾಕಿಸುವರು. ನಮ್ಮಲ್ಲಿ ಹಿರಿಯರ ಹೆಸರಿನಲ್ಲಿ ಅರವಟ್ಟಿಗೆಯನ್ನು ಇಡಿಸುತ್ತಿದ್ದುದು ನೆನಪಾಯಿತು. ದಣಿದು ಕುಳಿತ ಅಪರಿಚಿತನಾದ ಮುದುಕನಿಗೆ, ಕಾಣದವರೊಬ್ಬರು ಮಣೆಹಾಕಿ ಕೂರಿಸಿದಂತಹ ಭಾವವು ಅಲ್ಲಿ ಉಂಟಾಗುವುದು.

ಆ ನಗರವು ಮೊದಲಿನಿಂದಲೂ ಹೀಗಿದ್ದುದಲ್ಲ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯು ಕೊಳೆತು ನಾರಿ, ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಔಷಧದಲ್ಲಿ ಅದ್ದಿ ತೂಗಹಾಕಬೇಕಾಯಿತು. ಅನಂತರ ಬೇಜಲ್‌ಗೆಟ್ ಎಂಬ ಎಂಜಿನಿಯರನು ನೆಲದಡಿಯಲ್ಲಿ ಮಹಾಕಾಲುವೆಗಳನ್ನು ಕಟ್ಟಿಸಿದನು. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆಯು ಮಂಜಿನೊಡನೆ ಬೆರೆತು ಕವಿದು ಸಾವಿರಾರು ಜನರು ಸತ್ತರು. 1956ರಲ್ಲಿ ಹೊಗೆಯನ್ನು ನಿಯಂತ್ರಿಸುವ ಕಾಯಿದೆಯಾಯಿತು. 1957ರಲ್ಲಿ ಥೇಮ್ಸ್ ನದಿಯು ಸತ್ತಿತೆಂದೇ ಶಾಸ್ತ್ರಜ್ಞರು ಸಾರಿದ್ದರು. ಪ್ರಯತ್ನಪಟ್ಟುದರಿಂದ ಅದರಲ್ಲಿ ಮತ್ತೆ ಮೀನು ಆಡಿತು. ನಗರವನ್ನು ಕೇವಲ ಉಪಯೋಗಿಸಿಕೊಂಡರೆ ಸಾಲದು, ರೋಗಿಯ ಹಾಸಿಗೆಯ ಬಳಿ ಕುಳಿತಂತೆ ಅದರ ಶುಶ್ರೂಷೆಯನ್ನೂ ಮಾಡಬೇಕು.

ಅಲ್ಲಿ ದುಃಖವೇ ಇಲ್ಲವೆಂದು ಹೇಳುವುದಾದರೆ ಅದು ಮೋಹದ ಮಾತಾದೀತು. ನೆರೆಯವರ ಹೆಸರನ್ನು ಅರಿಯದೆ ವರ್ಷಗಳನ್ನು ಕಳೆಯುವವರು ಅಲ್ಲಿ ಇರುವರು. ಜನರ ಒಂಟಿತನವನ್ನು ಕುರಿತು ವಿಚಾರಿಸಲು 2018ರಲ್ಲಿ ಆ ದೇಶದ ಸರಕಾರವು ಮಂತ್ರಿಯೊಬ್ಬರಿಗೆ ಹೊಣೆಯನ್ನು ವಹಿಸಬೇಕಾಯಿತು. ಆದುದರಿಂದ ಪರದೇಶದಲ್ಲಿರುವ ಮಗನನ್ನು “ಊರು ಹಿಡಿಸಿತೇ?” ಎಂದು ಕೇಳಿ ಹೆದರುವುದಕ್ಕಿಂತ, “ಅಲ್ಲಿ ಎಷ್ಟು ದೂರ ನಡೆದೆ? ಯಾರ ಪರಿಚಯವಾಯಿತು? ಯಾವ ಸಂಘಕ್ಕೆ ಸೇರಿದೆ? ಆ ಊರಿಗೆ ನಿನ್ನಿಂದೇನಾದರೂ ಉಪಕಾರವಾಯಿತೇ?” ಎಂದು ಕೇಳುವುದು ಲೇಸು. ಕೊಂಡ ವಸ್ತುಗಳನ್ನಷ್ಟೇ ಆತನು ಹೇಳಿದರೆ, ಆತನಿಗೆ ಇನ್ನೂ ರೇಷ್ಮೆಯ ಟೊಪ್ಪಿಗೆಯ ಕಾಲವೆಂದು ತಿಳಿದು ತಾಳ್ಮೆಯಿಂದಿರಬೇಕು. ಬೀದಿಗಳನ್ನೂ ಮನುಷ್ಯರನ್ನೂ ಹೇಳಿದರೆ, ಸಂತೋಷಪಡಬೇಕು. ಮತ್ತೊಬ್ಬರ ಊರನ್ನು ಪ್ರೀತಿಸಲು ಕಲಿತವನು ತನ್ನ ಊರಿನ ಕೆರೆಯನ್ನೂ ಬೀದಿಯನ್ನೂ ಮೊದಲಿಗಿಂತ ಬೇರೆಯ ಕಣ್ಣಿನಿಂದ ನೋಡುವನು. ಅವನು ಮರಳಿ ಬಂದರೂ ಸರಿ, ಅಲ್ಲಿಯೇ ನಿಂತರೂ ಸರಿ, ಮನೆಯ ಎಳೆಯು ಕಡಿಯಲಿಲ್ಲ.

ಲಂಡನ್ನಿನ ಟ್ಯಾವಿಸ್ಟಾಕ್ ಚೌಕದಲ್ಲಿ 1968ರಿಂದ ಗಾಂಧಿಯವರು ಶಿಲೆಯ ಪೀಠದ ಮೇಲೆ ಕುಳಿತಿರುವರು. ಅದೇ ಬೇಜಲ್‌ಗೆಟನು ಥೇಮ್ಸಿನ ದಂಡೆಯಲ್ಲಿ ಕಟ್ಟಿಸಿದ ಆಲ್ಬರ್ಟ್ ಒಡ್ಡಿನ ಮೇಲೆ 2015ರ ನವೆಂಬರಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯು ಅನಾವರಣಗೊಂಡಿತು. ಹೊಳೆಯಾಚೆಗೆ ಪಾರ್ಲಿಮೆಂಟಿನ ಸೌಧವು ಕಾಣುವುದು. ಅಲ್ಲಿ ನೆಲೆಸಿದ ಕನ್ನಡಿಗರು ಆ ನಗರದಿಂದ ಪಡೆದುದಷ್ಟೇ ಅಲ್ಲ, ಅದಕ್ಕೆ ತಮ್ಮದನ್ನು ಕೊಟ್ಟೂ ಇರುವರು. ಉಜ್ಜಯಿನಿಯಲ್ಲಿ ಒಂದು ರಾತ್ರಿ ತಂಗಿದ ಮೇಘವು ಸಂದೇಶವನ್ನು ಮರೆಯಬೇಕಾಗಿಲ್ಲ; ದಾರಿಯಲ್ಲಿದ್ದ ಊರಿಗೆ ಒಂದಿಷ್ಟು ಮಳೆಯನ್ನು ಸುರಿಸಿ ಹೋದರೆ ಅದಕ್ಕೂ ಮಂಗಳ, ಊರಿಗೂ ಮಂಗಳ.