ನೆರಳಿಗೆ ಬೆಳಕು ಕ್ಯಾಮೆರಾದಲ್ಲೇ ಸಿಗಬೇಕು

‘ಇನ್ನೊಂದೈದು ನಿಮಿಷ ಡೆವಲಪರ್‌ನ್ಯಾಗ ಬಿಡ್ರಿ, ಕತ್ತಲಾಗಿದ್ದದ್ದೂ ಎದ್ದು ಬರ್ತದ.’ ಸಿಂಧನೂರು, ಲಿಂಗಸುಗೂರು ಕಡೆ ಕಪ್ಪು-ಬಿಳುಪು ರೋಲ್ ತೊಳೆದ ಹಳಬರು ಹೀಗನ್ನುತ್ತಿದ್ದರು. ಈಗ ಫಿಲ್ಮ್ ಕ್ಯಾಮೆರಾ ಹಿಡಿದು ಹೊರಟ ಹುಡುಗರೂ ಅದನ್ನೇ ಒಪ್ಪಿಸುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಮಾತು ಪೂರ್ತಿ ತಪ್ಪು.

ಬೆಳಕು ಬಿದ್ದಲ್ಲಿ ಮಾತ್ರ ಫಿಲ್ಮಿನ ಬೆಳ್ಳಿ ಲವಣದಲ್ಲಿ ಕಣ್ಣಿಗೆ ಕಾಣದ ಗುರುತು ಮೂಡಿರುತ್ತದೆ. ಡೆವಲಪರ್ ಆ ಗುರುತು ಹಿಡಿದು ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಗುರುತೇ ಇಲ್ಲದ ನೆರಳಲ್ಲಿ ಅರ್ಧ ಗಂಟೆ ಬಿಟ್ಟರೂ ಚಿತ್ರ ಹುಟ್ಟುವುದಿಲ್ಲ, ಮಬ್ಬು ಕವಿಯುತ್ತದೆ ಅಷ್ಟೆ. ಹೊತ್ತು ಹೆಚ್ಚಿದಂತೆ ಜೋರಾಗಿ ಕಪ್ಪೇರುವುದು ಬೆಳಕು ಚೆನ್ನಾಗಿ ಬಿದ್ದ ಭಾಗ. ನೆರಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇವೆರಡರ ನಡುವೆ ಹೀಗೆ ಬೆಳೆಯುವ ಅಂತರವೇ ಕಾಂಟ್ರಾಸ್ಟ್. ಅತಿಯಾಗಿ ತೊಳೆದ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿ: ಬಿಳಿ ಧೋತರ ಕಾಡಿಗೆಯಷ್ಟು ಕಪ್ಪು, ಒಂದು ನಿರಿಗೆಯೂ ಕಾಣದು. ಜಾಲಿ ಗಿಡದ ಬುಡದಲ್ಲಿ ಮಾತ್ರ ಏನೂ ಇಲ್ಲ, ಫಿಲ್ಮ್ ಬರಿದು.

ಹೊತ್ತು ಹೆಚ್ಚಿಸಿ ಕಾಂಟ್ರಾಸ್ಟ್ ಏರಿಸುವ ಉಪಾಯ ನಿಜಕ್ಕೂ ಬೇಕಾಗುವುದು ಮಸ್ಕಿಯ ಅಶೋಕ ಶಾಸನದಂಥ ಕಡೆ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕನ ಹೆಸರನ್ನೂ ಹೇಳಿದ ಶಾಸನ ಅದು. ಬೂದು ಬಂಡೆ, ಸವೆದ ಅಕ್ಷರ. ನೆರಳಿನಲ್ಲಿ ನೋಡಿದರೆ ಬಂಡೆಗೂ ಗೆರೆಗೂ ವ್ಯತ್ಯಾಸ ತೀರ ಕಡಿಮೆ. ಅಲ್ಲಿ ಐಎಸ್‌ಒ 400ರ ಫಿಲ್ಮನ್ನು 800 ಎಂದು ಲೆಕ್ಕ ಹಿಡಿದು ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕು ಕೊಡಬೇಕು, ತೊಳೆಯುವ ಹೊತ್ತು ಹೆಚ್ಚಿಸಬೇಕು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಆದರೆ, ನೀರು ಬೆರೆಸದ ಐಡಿ-11 ಡೆವಲಪರ್‌ನಲ್ಲಿ 20 ಡಿಗ್ರಿಗೆ 7½ ನಿಮಿಷದ ಬದಲು 10½. ಪ್ರಿಂಟಿನಲ್ಲಿ ಅಕ್ಷರದ ಗೆರೆ ಕಪ್ಪಿಗೆ ಇಳಿಯುತ್ತದೆ, ಬಂಡೆಯ ಮೈ ಬೆಳಗುತ್ತದೆ. ಇದಕ್ಕಿಂತಲೂ ಹೆಚ್ಚಿನ ಕೆಲಸ ಮಾಡುವುದು ಪಕ್ಕದಿಂದ ಕನ್ನಡಿ ಹಿಡಿದು ಹಾಯಿಸಿದ ಓರೆ ಬೆಳಕು. ಅದಕ್ಕೆ ರಸಾಯನವೇ ಬೇಡ. ಹೊತ್ತು ಹೆಚ್ಚಿಸುವ ಇದೇ ಲೆಕ್ಕವನ್ನು ಮೇ ತಿಂಗಳ ನಡುಹಗಲಲ್ಲಿ ಸಿಂಧನೂರಿನ ಭತ್ತದ ಕಣಕ್ಕೆ ಹಚ್ಚಿದರೆ ರೋಲ್ ಹಾಳು. ಆ ಬಿಸಿಲಲ್ಲಿ ಕಾಂಟ್ರಾಸ್ಟ್ ಮೊದಲೇ ವಿಪರೀತ.

ಬಿಸಿ ಡೆವಲಪರ್ ಒಳ್ಳೆಯದೆಂಬ ನಂಬಿಕೆಯೂ ಇದೆ. ಕಾವಿಗೆ ಜೆಲಟಿನ್ ಮೆತ್ತಗಾಗಿ ಉಬ್ಬುತ್ತದೆ, ಮಬ್ಬು ಹೆಚ್ಚುತ್ತದೆ. ಕಾಂಟ್ರಾಸ್ಟಿಗೆಂದು ಹಾಕುವ ಕೆಂಪು ಫಿಲ್ಟರ್ ಕೂಡ ನೀಲಿ ಆಕಾಶವನ್ನು ಕಪ್ಪಾಗಿಸೀತು, ಆದರೆ ನೆರಳಲ್ಲಿರುವ ಬೂದು ಬಂಡೆಗೆ ಅದರಿಂದ ಲಾಭವಿಲ್ಲ.

ನನಗೆ ಸಿಟ್ಟು ಬರುವುದು ತಪ್ಪಿಗಲ್ಲ, ತಪ್ಪನ್ನು ‘ಕೈಗುಣ’ ಎಂದು ಪೂಜಿಸುವುದಕ್ಕೆ. ಫಿಲ್ಮ್ ತಯಾರಿಸಿದವರೇ ಹೊತ್ತು, ಕಾವು ಎರಡನ್ನೂ ಅಚ್ಚು ಹಾಕಿ ಕೊಟ್ಟಿರುವಾಗ ಅದನ್ನು ಓದದೆ ಯಾರೋ ಉಸ್ತಾದರ ಅಂದಾಜನ್ನು ನಂಬುವುದೇಕೆ? ನಾಟಿ ಔಷಧ, ಬೋರ್‌ವೆಲ್ ಪಾಯಿಂಟು, ಎಲ್ಲ ಕಡೆ ಇದೇ ಹಾಡು: ಹೇಳಿದವರು ಹಿರಿಯರಾದರೆ ಪರೀಕ್ಷೆ ಮಾಡುವುದೇ ಅಪಚಾರ.

ಮುಂದಿನ ರೋಲ್ ತೊಳೆಯುವ ಮೊದಲು ಡೆವಲಪರ್‌ಗೆ ಥರ್ಮಾಮೀಟರ್ ಇಳಿಸಿ. 20 ಡಿಗ್ರಿಗಿಂತ ಹೆಚ್ಚಿದ್ದರೆ ಬಾಟಲಿಯನ್ನು ಐಸ್ ನೀರಲ್ಲಿಟ್ಟು ಕಾಯಿರಿ.